ನಿಜ ಹೇಳಿದವನಿಗೆ ಕೊಡುವ ಉತ್ತರ

ಮಗಳೇ,

ನಿನ್ನ ತಮ್ಮ ಅಮ್ಮನ ಎದುರು ಕೂತು, ನನಗೆ ದೇವರಲ್ಲಿ ನಂಬಿಕೆ ಉಳಿದಿಲ್ಲ, ಈ ಸಲ ಅಪ್ಪನ ತಿಥಿಗೆ ಕರ್ತೃವಾಗಿ ಕೂರುವುದು ನನ್ನಿಂದಾಗದು ಎಂದನಂತೆ. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಚಿಕ್ಕಪ್ಪ ಫೋನಿನಲ್ಲಿ ಕೂಗಾಡಿದ್ದಾರೆ, ಇಬ್ಬರ ನಡುವೆ ಸಿಕ್ಕಿಕೊಂಡವಳು ನೀನು. ಯಾರ ಪರ ನಿಲ್ಲಲಿ ದೊಡ್ಡಮ್ಮ ಎಂದು ಕೇಳಿದ್ದೀಯ. ದೀಪ ಹಚ್ಚದೆ ನಾನು ಬೆಳಗಿನ ಕಾಫಿಯನ್ನೂ ಕುಡಿಯುವವಳಲ್ಲ ಎಂಬುದು ನಿನಗೆ ಗೊತ್ತು. ಗೊತ್ತಿದ್ದೂ ನನ್ನನ್ನೇ ಕೇಳಿದ್ದೀಯ ಎಂದಮೇಲೆ, ದೇವರನ್ನು ನಂಬಿದವಳಾಗಿಯೇ ನಿನಗೆ ಹೇಳುತ್ತೇನೆ.

ಅವನು ಏನು ಹೇಳಿದ ಎಂಬುದನ್ನು ಎಲ್ಲರೂ ಹಿಡಿದುಕೊಂಡಿದ್ದೀರಿ. ಅವನು ಹೇಳಿದ ಎಂಬುದನ್ನು ಯಾರೂ ನೋಡಿಲ್ಲ. ಹೇಳದೆ ಇರುವುದು ಅವನಿಗೆ ತುಂಬ ಸುಲಭವಾಗಿತ್ತು. ಹಿಂದಿನ ರಾತ್ರಿ ಬಸ್ಸಿಗೆ ಬಂದು, ಪಂಚೆ ಉಟ್ಟು, ಭಟ್ಟರು ಹೇಳಿಸಿದ್ದನ್ನು ಹೇಳಿ, ಎಳ್ಳುನೀರು ಬಿಟ್ಟು, ದಕ್ಷಿಣೆ ಕೊಟ್ಟು, ವಡೆ ಪಾಯಸದ ಊಟ ಮುಗಿಸಿ ಬೆಂಗಳೂರಿಗೆ ಹೊರಟುಬಿಡಬಹುದಿತ್ತು. ಹಾಗೆ ನಡೆಯುತ್ತಿರುವ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ. 2011ರ ಜನಗಣತಿಯಲ್ಲಿ ಈ ದೇಶದ 121 ಕೋಟಿ ಜನರ ನಡುವೆ ನಾಸ್ತಿಕರೆಂದು ಲೆಕ್ಕಕ್ಕೆ ಸಿಕ್ಕವರು ಬರೀ 33 ಸಾವಿರ ಚಿಲ್ಲರೆ. ನಂಬದವರು ಅಷ್ಟೇ ಇದ್ದಾರೆಂದು ನನಗೆ ಅನಿಸುವುದಿಲ್ಲ. ಬಾಗಿಲಿಗೆ ಬಂದ ಗಣತಿಯವರಿಗೆ ಮನೆಯ ಯಜಮಾನರು ಎಲ್ಲರ ಪರವಾಗಿ ಒಂದೇ ಉತ್ತರ ಬರೆಸುತ್ತಾರೆ. ಒಳಕೋಣೆಯಲ್ಲಿ ಕೂತ ಮಗನನ್ನು ಕೇಳುವವರು ಯಾರು?

ನಿನ್ನ ತಮ್ಮ ಯಾರೂ ಕೇಳದೆ ಹೇಳಿದ್ದಾನೆ, ಅದೂ ಅಪ್ಪನಿಲ್ಲದ ಮನೆಯಲ್ಲಿ ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು. ಈ ಮನೆಯಲ್ಲಿ ನಿಜ ಹೇಳಿದರೂ ನನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ಈಗ ನೀವು ಉತ್ತರ ಕೊಡಬೇಕಾದದ್ದು ಆ ಧೈರ್ಯಕ್ಕೆ. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಸಾವಿರಾರು ವರ್ಷ ಕಾದಿದೆ, ಇನ್ನಷ್ಟು ದಿನ ಕಾಯುತ್ತದೆ. ಹುಡುಗ ಕಾಯುವುದಿಲ್ಲ. ಈ ವಾರ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ನೋಡಿಕೊಂಡು, ಮುಂದೆ ಮನೆಯಲ್ಲಿ ಯಾವ ಮಾತು ಆಡಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಅವನು ತೀರ್ಮಾನಿಸಿಕೊಳ್ಳುತ್ತಾನೆ.

ಚಾರ್ಲ್ಸ್ ಡಾರ್ವಿನ್ನರ ಸಂಸಾರದ ವಿಷಯ ನಿನಗೆ ಹೇಳಬೇಕು. ವಿಕಾಸವಾದದ ಡಾರ್ವಿನ್ನರೇ. ಮದುವೆ ನಿಶ್ಚಯವಾದಾಗ ಅವರಿಗೆ ಆಗಲೇ ಧರ್ಮದ ಬಗ್ಗೆ ಸಂಶಯಗಳು ಹುಟ್ಟಿದ್ದವು. ವೈದ್ಯರಾಗಿದ್ದ ತಂದೆ ಬುದ್ಧಿ ಹೇಳಿದರು: ಇದನ್ನು ಹೆಂಡತಿಗೆ ತಿಳಿಯದ ಹಾಗೆ ಮುಚ್ಚಿಡು. ಲೋಕ ಕಂಡ ಹಿರಿಯರು ಎಲ್ಲ ಕಾಲದಲ್ಲೂ ಕೊಡುವ ಬುದ್ಧಿ ಅದು. ಡಾರ್ವಿನ್ ಕೇಳಲಿಲ್ಲ, ಕೈಹಿಡಿಯಲಿದ್ದ ಎಮ್ಮಾಗೆ ಎಲ್ಲ ಹೇಳಿಬಿಟ್ಟರು. ಎಮ್ಮಾ ದೈವಭಕ್ತೆ. ಆಕೆಗೆ ನೋವಾಯಿತು, ಆದರೆ ಮುಚ್ಚಿಡದೆ ಹೇಳಿದ್ದಕ್ಕೆ ಆಕೆ ಕೃತಜ್ಞಳಾಗಿದ್ದಳು. 1839ರಲ್ಲಿ ಮದುವೆಯಾದ ಹೊಸತರಲ್ಲಿ ಗಂಡನಿಗೆ ಒಂದು ಕಾಗದ ಬರೆದಳು. ರುಜುವಾತಾಗದೆ ಏನನ್ನೂ ನಂಬಬಾರದೆಂಬ ವಿಜ್ಞಾನದ ಅಭ್ಯಾಸ, ರುಜುವಾತಿಗೆ ಸಿಕ್ಕದ ವಿಷಯಗಳಲ್ಲೂ ನಿಮ್ಮನ್ನು ಹಿಡಿದಿಟ್ಟಿದೆಯೇನೋ ಎಂಬ ಆತಂಕ ಅದರಲ್ಲಿತ್ತು. ಸತ್ತ ಮೇಲೂ ನಾವಿಬ್ಬರೂ ಒಟ್ಟಿಗಿರುತ್ತೇವೆ ಎಂಬ ನಂಬಿಕೆ ಕಳೆದುಕೊಳ್ಳಬೇಕಾದೀತೆಂಬ ಸಂಕಟವಿತ್ತು. ಬೈಗುಳ ಇರಲಿಲ್ಲ. ಡಾರ್ವಿನ್ ಆ ಕಾಗದವನ್ನು ಜೀವಮಾನವಿಡೀ ಜೋಪಾನ ಮಾಡಿದರು. ಅದರ ಕೆಳಗೆ, ನಾನು ಸತ್ತ ಮೇಲೆ ನಿನಗೆ ತಿಳಿಯಲಿ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಎಂಬ ಅರ್ಥದ ಮಾತು ಬರೆದಿಟ್ಟರು.

ಎಮ್ಮಾ ಬದಲಾಗಲಿಲ್ಲ, ಡಾರ್ವಿನ್ನರೂ ಹಳೆಯ ನಂಬಿಕೆಗೆ ಮರಳಲಿಲ್ಲ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಾಗ ಇಬ್ಬರೂ ಒಂದೇ ದುಃಖವನ್ನು ಬೇರೆ ಬೇರೆ ಮನಸ್ಸಿನಿಂದ ಹೊತ್ತರು. ಭಾನುವಾರ ಹೆಂಡತಿ ಮಕ್ಕಳು ಹಳ್ಳಿಯ ಚರ್ಚಿನಲ್ಲಿದ್ದರೆ ಡಾರ್ವಿನ್ ಹೊರಗೆ ಅಡ್ಡಾಡುತ್ತಿದ್ದರಂತೆ. ಅದೇ ಚರ್ಚಿನ ಪಾದ್ರಿಯ ಜೊತೆ ಅವರಿಗೆ ಒಳ್ಳೆಯ ಸ್ನೇಹವೂ ಇತ್ತು. 1882ರಲ್ಲಿ ಅವರು ಸಾಯುವತನಕ ಆ ಸಂಸಾರ ನಡೆಯಿತು. ನಿನ್ನ ಅಮ್ಮನಿಗೆ ಎಮ್ಮಾಳ ಕಾಗದದ ವಿಷಯ ಹೇಳು. ನೋವನ್ನು ನುಂಗಿಕೋ ಎಂದು ನಾನು ಅವಳಿಗೆ ಹೇಳುವುದಿಲ್ಲ. ಅಪ್ಪನ ತಿಥಿಗೆ ನೀನು ಕೂರುವುದಿಲ್ಲ ಎಂದರೆ ನನ್ನ ಎದೆ ಒಡೆದಂತಾಗುತ್ತದೆ ಮಗಾ ಎಂದು ಅವಳು ಹೇಳಲಿ, ಹೇಳಬೇಕು. ನೋವನ್ನು ಹೇಳಿಕೊಳ್ಳುವುದು ಬೇರೆ, ನೋವನ್ನು ತೋರಿಸಿ ಹೆದರಿಸುವುದು ಬೇರೆ. ಊಟ ಬಿಡುವುದು ಎರಡನೆಯ ಜಾತಿ. ಅದನ್ನು ನಿಲ್ಲಿಸಲು ಹೇಳು, ನಾನು ಹೇಳಿದೆ ಅಂತಲೇ ಹೇಳು.

ಇನ್ನು ಬಾಯಿಗೆ ತಾನಾಗಿ ಬರುವ ಕೆಲವು ಮಾತುಗಳಿವೆ. ಬೆಂಗಳೂರಿಗೆ ಕಳಿಸಿದ್ದೇ ತಪ್ಪಾಯಿತು, ಯಾವ ಸಹವಾಸವೋ ಏನೋ, ನಾಲ್ಕಕ್ಷರ ಕಲಿತ ಅಹಂಕಾರ. ಇವೆಲ್ಲ ಸಿಟ್ಟಿನ ಮಾತು, ಎರಡು ದಿನಕ್ಕೆ ಮರೆತುಹೋಗುತ್ತವೆ. ಒಂದು ಮಾತು ಮಾತ್ರ ಯಾರೂ ಆಡದಂತೆ ನೋಡಿಕೋ: ಕಷ್ಟ ಬಂದಾಗ ಗೊತ್ತಾಗುತ್ತೆ ಬಿಡು. ಇದನ್ನು ಹೇಳುವವರು ಕೆಟ್ಟವರಲ್ಲ, ಆದರೆ ಕೇಳುವವನ ಕಿವಿಯಲ್ಲಿ ಅದು ಏನಾಗುತ್ತದೆ ಯೋಚಿಸು. ನಿನಗೆ ಕಷ್ಟ ಬರಲಿ, ನಾವು ಕಾಯುತ್ತಿರುತ್ತೇವೆ ಎಂದಾಗುತ್ತದೆ. ನಾಳೆ ಅವನ ಕೆಲಸ ಹೋಗಬಹುದು, ಜ್ವರ ಬಂದು ಮಲಗಬಹುದು, ಕಟ್ಟಿಕೊಂಡ ಸಂಬಂಧ ಮುರಿಯಬಹುದು. ಎಲ್ಲರಿಗೂ ಬರುವಂಥದ್ದೇ. ಆಗ ಅವನು ಮನೆಗೆ ಫೋನ್ ಮಾಡುವುದಿಲ್ಲ. ಮಾಡಿದರೆ ನೀವು ಗೆದ್ದಂತಾಗುತ್ತದೆ, ನೋಡಿದೆಯಾ ಎಂದು ಚಿಕ್ಕಪ್ಪ ಹೇಳುತ್ತಾರೆ ಎಂದು ಒಬ್ಬನೇ ರೂಮಿನಲ್ಲಿ ಹಲ್ಲು ಕಚ್ಚಿಕೊಂಡು ಬಿದ್ದಿರುತ್ತಾನೆ. ಕಷ್ಟದಲ್ಲಿ ಮನೆ ನೆನಪಾಗಬೇಕಾದ ಹುಡುಗನಿಗೆ, ಕಷ್ಟ ಎಂದರೇನೇ ಮನೆಯ ಮುಂದೆ ಸೋಲುವುದು ಎಂದಾದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಅಮ್ಮನ ಶುಗರ್ ಏರಿದರೆ, ಚಿಕ್ಕಪ್ಪನ ಮಗಳ ಮದುವೆ ತಡವಾದರೆ, ಅದಕ್ಕೂ ಇವನ ನಾಸ್ತಿಕತನಕ್ಕೂ ಗಂಟು ಹಾಕುವುದು ಕೂಡ ಇದೇ ಪಾಪಕ್ಕೆ ಸೇರಿದ್ದು. ಒಬ್ಬ ಹುಡುಗ ಕೈಮುಗಿಯಲಿಲ್ಲವೆಂದು ಅವನ ಹೆತ್ತ ತಾಯಿಗೆ ಕಾಯಿಲೆ ಕೊಡುವ ದೇವರನ್ನು ನಾನಂತೂ ಪೂಜಿಸುತ್ತಿಲ್ಲ.

ಅವನ ಜಾತಕ ಹಿಡಿದು ಜ್ಯೋತಿಷಿಗಳ ಮನೆಗೆ ಓಡಬೇಡಿ. ರಾಹು ದಶೆ ನಡೆಯುತ್ತಿದೆ, ಶಾಂತಿ ಮಾಡಿಸಿದರೆ ಸರಿಹೋಗುತ್ತಾನೆ ಎಂದು ಯಾರೋ ಹೇಳುತ್ತಾರೆ, ಅದು ಅವನ ಕಿವಿಗೆ ಬೀಳುತ್ತದೆ. ಯೋಚಿಸಿ ಯೋಚಿಸಿ ಬಂದ ನಿಲುವನ್ನು ಮನೆಯವರು ಗ್ರಹಚಾರ ಎಂದುಕೊಂಡರಲ್ಲ ಎನಿಸಿದರೆ ಮತ್ತೆ ಅವನು ಏನನ್ನೂ ವಿವರಿಸಲು ಬರುವುದಿಲ್ಲ. ದಿಂಬಿನ ಕೆಳಗೆ ತಾಯತ ಇಡುವುದು, ಯಾವುದೋ ನೆವ ಹೇಳಿ ಸ್ವಾಮಿಗಳ ಮುಂದೆ ಕೂರಿಸುವುದು, ಇವೂ ಬೇಡ. ಅಮ್ಮನಿಗೆ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕೆನಿಸಿದರೆ ಮಾಡಿಸಲಿ, ಅದು ಅವಳ ಮತ್ತು ಅವಳ ದೇವರ ವ್ಯವಹಾರ. ನಾನೂ ಅವನಿಗಾಗಿ ಕೈಮುಗಿಯುತ್ತೇನೆ. ಅವನ ಮುಂದೆ ಹೇಳಿಕೊಳ್ಳುವುದಿಲ್ಲ, ಅಷ್ಟೆ. ಪ್ರಸಾದ ತಂದರೆ ಎಲ್ಲರಿಗೂ ಕೊಟ್ಟಂತೆ ಅವನಿಗೂ ಕೊಡಿ. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ, ಮುಖ ನೋಡುತ್ತ ನಿಲ್ಲಬೇಡಿ.

ನೀನು ಓದಿದವಳು, ಒಳ್ಳೆಯ ಮನಸ್ಸಿನವಳು. ಹಾಗಾಗಿ ನೀನು ಜಾರಬಹುದಾದ ಜಾಗ ಬೇರೆಯೇ ಇದೆ. ಅವನನ್ನು ಕಾಪಾಡುವ ಆತುರದಲ್ಲಿ ಅಮ್ಮನಿಗೆ ನೀನು ಹೇಳಬಹುದು: ನಮ್ಮಲ್ಲಿ ದೇವರನ್ನು ಒಪ್ಪದ ಚಾರ್ವಾಕರೂ ಇದ್ದರಮ್ಮ, ಇವನೂ ಒಂದು ರೀತಿಯ ಆಸ್ತಿಕನೇ. ಮೊದಲಿನದು ನಿಜ. ವಿದ್ಯಾರಣ್ಯರ ಹೆಸರಿನೊಂದಿಗೆ ಸೇರಿಬಂದ, ವಿಜಯನಗರ ಕಾಲದ ಸರ್ವದರ್ಶನ ಸಂಗ್ರಹ ಶುರುವಾಗುವುದೇ ಚಾರ್ವಾಕ ಮತದಿಂದ. ಖಂಡಿಸಬೇಕಾದ ಮತವನ್ನೂ ಮೊದಲು ನೆಟ್ಟಗೆ ಹೇಳಿಬಿಡುವ ಸೌಜನ್ಯ ಆ ಹಿರಿಯರಿಗಿತ್ತು. ಲೋಕವನ್ನು ಸೃಷ್ಟಿಸಿದ ಒಬ್ಬ ಈಶ್ವರನನ್ನು ಜೈನರು ಒಪ್ಪುವುದಿಲ್ಲ. ಆದರೂ ಶ್ರವಣಬೆಳಗೊಳದ ಬೆಟ್ಟ ಹತ್ತಿ ನಾವೆಲ್ಲ ಕೈಮುಗಿದು ಬಂದಿದ್ದೇವೆ. ಅಮ್ಮನಿಗೆ ಇದನ್ನು ಹೇಳು, ನಮ್ಮ ವಂಶದಲ್ಲಿ ಹೀಗೆ ಎಂದೂ ಆಗಿರಲಿಲ್ಲ ಎಂಬ ಅವಳ ಅವಮಾನ ಸ್ವಲ್ಪ ಇಳಿಯುತ್ತದೆ. ಆದರೆ ಇವನೂ ಒಳಗೊಳಗೆ ಆಸ್ತಿಕನೇ ಎಂಬುದನ್ನು ಹೇಳಬೇಡ. ಅದು ಅವನ ಮಾತನ್ನು ಅವನ ಬಾಯಿಂದ ಕಿತ್ತುಕೊಂಡು ಅದರ ಜಾಗದಲ್ಲಿ ನಮಗೆ ಹಿತವಾದದ್ದನ್ನು ಇಟ್ಟ ಹಾಗೆ. ನಂಬುವುದಿಲ್ಲ ಎಂದ. ನಂಬುವುದಿಲ್ಲ ಎಂದೇ ಇರಲಿ.

ಹುಡುಗ ಹದಗೆಡುತ್ತಾನೆ ಎಂಬ ಹೆದರಿಕೆಯೂ ಅಮ್ಮನಿಗಿದೆ. ದೇವರ ಭಯ ಹೋದಮೇಲೆ ಯಾವ ಭಯ ಉಳಿಯಿತು ಎನ್ನುತ್ತಾಳೆ. ಆದರೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ಹೆಸರನ್ನು ಅವಳೂ ಕೇಳಿದ್ದಾಳೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಎಲ್ಲೆಡೆ ಗದ್ದಲ ಎಬ್ಬಿಸಿದವರು. ಖಾದಿ ಉಟ್ಟು, ವಿದ್ಯಾರ್ಥಿ ನಿಲಯದ ಕೋಣೆಯಲ್ಲೇ ಬದುಕು ಕಳೆದು, ಎಷ್ಟೋ ಬಡಮಕ್ಕಳನ್ನು ಓದಿಸಿದವರೂ ಅವರೇ. ಎ.ಎನ್. ಮೂರ್ತಿರಾಯರು ತೊಂಬತ್ತರ ಆಸುಪಾಸಿನಲ್ಲಿ ಕೂತು 'ದೇವರು' ಎಂಬ ಪುಸ್ತಕ ಬರೆದರು. 1991ರಲ್ಲಿ ಬಂದ ಆ ಪುಸ್ತಕದಲ್ಲಿ ತಾನು ಏಕೆ ನಂಬಲಾರೆ ಎಂಬುದನ್ನು ನಂಬುವವರ ಮನಸ್ಸು ಮುರಿಯದ ಹಾಗೆ ಹೇಳಿದ್ದಾರೆ. ನಾಡು ಅವರಿಗೆ ಪಂಪ ಪ್ರಶಸ್ತಿ ಕೊಟ್ಟಿತು. ನಾನು ಆ ಪುಸ್ತಕ ಓದಿದ್ದೇನೆ, ಅವರ ಮಾತು ಒಪ್ಪಲಾಗಲಿಲ್ಲ, ಆ ಮನುಷ್ಯರ ಮೇಲಿನ ಗೌರವ ಮಾತ್ರ ಹೆಚ್ಚಾಯಿತು. ನಿನ್ನ ತಮ್ಮನಿಗೂ ಓದಲು ಕೊಡು. ನಂಬದಿರುವುದನ್ನು ಹೇಗೆ ಮಾತಾಡಬೇಕು ಎಂಬುದನ್ನು ಅವನು ಅಲ್ಲಿ ಕಲಿಯಬಹುದು.

ಯಾಕೆಂದರೆ ಅವನಿಗೂ ಹೇಳಬೇಕಾದದ್ದಿದೆ, ಅದನ್ನು ಅಕ್ಕನಾಗಿ ನೀನೇ ಹೇಳು. ಅಮ್ಮ ತುಳಸಿಗೆ ನೀರು ಹಾಕುವಾಗ ನಗಬಾರದು. ಊಟದ ಹೊತ್ತಿನಲ್ಲಿ ಅವಳನ್ನು ವಾದಕ್ಕೆ ಎಳೆಯಬಾರದು. ಅವಳಿಗೆ ಅವನಷ್ಟು ತರ್ಕ ಬರುವುದಿಲ್ಲ, ಸೋತು ಸುಮ್ಮನಾಗುತ್ತಾಳೆ, ಆ ಗೆಲುವಿನಿಂದ ಅವನಿಗೆ ಏನೂ ಸಿಗುವುದಿಲ್ಲ. ಸಣ್ಣ ಮಕ್ಕಳ ಮುಂದೆ ಅಜ್ಜಿಯ ಪೂಜೆಯನ್ನು ಹೀಯಾಳಿಸಬಾರದು. ಆ ಮಕ್ಕಳು ಕೇಳಿದರೆ, ಅಜ್ಜಿ ನಂಬುತ್ತಾರೆ, ನಾನು ನಂಬುವುದಿಲ್ಲ ಎಂದು ಇಷ್ಟೇ ಹೇಳಲಿ. ಮಕ್ಕಳಿಗೆ ಅಷ್ಟು ಸಾಕು, ಅವು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತವೆ.

ತಿಥಿಯ ವಿಷಯಕ್ಕೆ ಬರುತ್ತೇನೆ, ಎಲ್ಲ ಜಗಳದ ಗಂಟು ಅಲ್ಲಿದೆ. ಸಂಕಲ್ಪ ಎಂದರೇನು? ಇಂಥವನಾದ ನಾನು ಇಂಥವರಿಗಾಗಿ ಇದನ್ನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು. ನಂಬದವನಿಂದ ಅದನ್ನು ಹೇಳಿಸುವುದು ಎಂದರೆ ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳಿಸಿದಂತೆ. ಶ್ರದ್ಧೆಯಿಂದ ಮಾಡಿದ್ದು ಶ್ರಾದ್ಧ ಎಂದು ನಮ್ಮ ಹಿರಿಯರೇ ಹೇಳುತ್ತಿದ್ದರಲ್ಲ, ಹಾಗಿದ್ದರೆ ಶ್ರದ್ಧೆ ಇಲ್ಲದವನನ್ನು ಮಣೆಯ ಮೇಲೆ ಒತ್ತಿ ಕೂರಿಸಿ ಏನು ಸಾಧಿಸಿದಂತಾಯಿತು? ಚಿಕ್ಕಪ್ಪನವರಿಗೆ ಅಣ್ಣನ ಕಾರ್ಯ ಮಾಡಲು ಬರುತ್ತದೆಯೇ ಎಂದು ಭಟ್ಟರನ್ನು ನೀನೇ ಹೋಗಿ ಕೇಳು. ಈಗಲೇ ಕೇಳು, ಆ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಚರ್ಚೆ ಮಾಡುವಂತಾಗಬಾರದು. ಭಟ್ಟರು ಇಂಥದ್ದನ್ನು ನಿನಗಿಂತ ಹೆಚ್ಚು ನೋಡಿದ್ದಾರೆ.

ತಮ್ಮನಿಗೆ ಹೇಳು: ಮಂತ್ರ ಹೇಳಬೇಡ, ಆದರೆ ಆ ದಿನ ಮನೆಯಲ್ಲಿರು. ಹಿಂದಿನ ದಿನ ತರಕಾರಿ ತಾ, ಬಾಳೆಎಲೆ ತಾ, ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡು, ಎಲ್ಲರ ಊಟ ಆಗುವತನಕ ಅಮ್ಮನ ಜೊತೆಯಲ್ಲಿರು. ಇದರಲ್ಲಿ ಯಾವುದಕ್ಕೂ ದೇವರನ್ನು ನಂಬಬೇಕಾಗಿಲ್ಲ, ಅಪ್ಪನನ್ನು ಪ್ರೀತಿಸಿದ್ದರೆ ಸಾಕು. ಅವನು ಒಪ್ಪುತ್ತಾನೆ ಎಂದು ನನಗೆ ಅನಿಸುತ್ತದೆ. ಅಪ್ಪನ ನೆನಪಿಗೆ ತನ್ನದೇ ರೀತಿಯಲ್ಲಿ ಏನಾದರೂ ಮಾಡಬೇಕೆಂದರೆ, ಅಪ್ಪ ಪಾಠ ಹೇಳಿದ ಶಾಲೆಯ ಮಕ್ಕಳಿಗೆ ಪುಸ್ತಕ ಕೊಡಿಸಲಿ, ರಕ್ತ ಕೊಡಲಿ. ಅಮ್ಮ ಅದನ್ನು ತಿಥಿಗೆ ಬದಲು ಎಂದು ಒಪ್ಪಬೇಕಿಲ್ಲ. ಜೊತೆಗೆ ನಡೆಯಲಿ. ನೆಂಟರು ಕೇಳಿದರೆ, ಈ ಸಲ ಚಿಕ್ಕಪ್ಪ ಕೂತಿದ್ದಾರೆ ಎಂದಷ್ಟೇ ಹೇಳು. ಅವನ ನಂಬಿಕೆಯ ಸುದ್ದಿ ಊರಿಗೆ ಹಂಚುವ ಹಕ್ಕು ನಿಮಗಿಲ್ಲ, ಅದನ್ನು ಯಾರಿಗೆ ಹೇಳಬೇಕೆಂದು ಅವನೇ ತೀರ್ಮಾನಿಸಲಿ.

ಒಂದು ವೇಳೆ ಬರುವ ವರ್ಷವೋ ಹತ್ತು ವರ್ಷದ ಮೇಲೋ, ಅಮ್ಮನ ಸಮಾಧಾನಕ್ಕಾಗಿ ಈ ಒಂದು ಸಲ ಕೂರುತ್ತೇನೆ ಎಂದು ಅವನೇ ಬಂದು ಹೇಳಿದರೆ ಕೂರಲಿ. ಆಗ ಯಾರೂ ಮೀಸೆ ತಿರುವಬಾರದು, ಕೊನೆಗೂ ದಾರಿಗೆ ಬಂದ ಎನ್ನಬಾರದು. ತಾಯಿಯ ಮೇಲಿನ ಪ್ರೀತಿಯಿಂದ ತಾನಾಗಿ ಮಾಡುವುದಕ್ಕೂ ಒತ್ತಾಯಕ್ಕೆ ಮಣಿದು ಮಾಡುವುದಕ್ಕೂ ಇರುವ ಅಂತರ ಅವನಿಗೆ ಗೊತ್ತಿರುತ್ತದೆ, ನಿಮಗೂ ಗೊತ್ತಿರಬೇಕು.

ಮನೆಯಿಂದ ಹೊರಗೆ ಹಾಕಿದರೆ ಬುದ್ಧಿ ಬರುತ್ತದೆ ಎಂದು ಚಿಕ್ಕಪ್ಪ ಅಂದರಂತೆ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾಯರನ್ನು ಹಾಗೆಯೇ ಹೊರಗೆ ಹಾಕಲಾಗಿತ್ತು. ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದ ಮಗ, ಸಸ್ಯಶಾಸ್ತ್ರದ ಅಧ್ಯಾಪಕ. ಜನಿವಾರ ಬೇಡವೆಂದದ್ದಕ್ಕೆ ತಂದೆಯ ಮನೆ ಬಿಡಬೇಕಾಯಿತು, ನಾಸ್ತಿಕನೆಂದು ಕಾಲೇಜಿನ ಕೆಲಸವೂ ಹೋಯಿತು. ಅವರ ನಿಲುವು ಇನ್ನೂ ಗಟ್ಟಿಯಾಯಿತು, 1940ರಲ್ಲಿ ನಾಸ್ತಿಕ ಕೇಂದ್ರವನ್ನೇ ಕಟ್ಟಿದರು. ಚಿಕ್ಕವಯಸ್ಸಿನಲ್ಲೇ ಮದುವೆಯಾಗಿ ಬಂದ ಹೆಂಡತಿ ಸರಸ್ವತಿ ಅವರ ಜೊತೆಗೇ ಹೊರಟರು. ಗೋರಾ ಅವರನ್ನು ಬರಮಾಡಿಕೊಂಡವರು ಯಾರು ಗೊತ್ತೇ? ದಿನಾ ಸಂಜೆ ಪ್ರಾರ್ಥನೆಗೆ ಕೂರುತ್ತಿದ್ದ ಗಾಂಧೀಜಿ. ಸೇವಾಗ್ರಾಮಕ್ಕೆ ಕರೆಸಿಕೊಂಡು ಗಂಟೆಗಟ್ಟಲೆ ಮಾತಾಡಿದರು, ವಾದಿಸಿದರು, ಒಪ್ಪಲಿಲ್ಲ. ಆಶ್ರಮದಲ್ಲಿ ಜಾಗ ಮಾತ್ರ ಕೊಟ್ಟರು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಂತಾಗ, ಸೇವಾಗ್ರಾಮದಲ್ಲೇ ನಡೆಯಲಿ ಎಂದರು. ಪ್ರತಿಜ್ಞೆಯಲ್ಲಿ ದೇವರ ಹೆಸರು ಇರುವ ಕಡೆ ಸತ್ಯದ ಹೆಸರು ಇಡಲು ಒಪ್ಪಿದರು. 1948ರ ಜನವರಿಯಲ್ಲಿ ಗಾಂಧೀಜಿಯನ್ನು ಕೊಂದರು. ಮದುವೆ ಮಾರ್ಚಿನಲ್ಲಿ ಅವರಿಲ್ಲದೆ ನಡೆಯಿತು, ಅವರು ಒಪ್ಪಿದ ರೀತಿಯಲ್ಲೇ. ಚಿಕ್ಕಪ್ಪ ಗಾಂಧೀಜಿಯ ಫೋಟೋ ಹಾಲಿನಲ್ಲಿ ಇಟ್ಟುಕೊಂಡವರು. ಅವರಿಗೆ ಇದನ್ನು ನೆನಪು ಮಾಡು.

ಮುಂದೆ ನಿನ್ನ ತಮ್ಮನ ಮದುವೆಯ ಮಾತು ಬರುತ್ತದೆ. ಹುಡುಗಿಯ ಮನೆಯವರಿಗೆ ಈಗಲೇ ಯಾಕೆ ಹೇಳಬೇಕು, ಆಮೇಲೆ ಎಲ್ಲ ಸರಿಹೋಗುತ್ತೆ ಎಂದು ಹತ್ತು ಜನ ಹೇಳುತ್ತಾರೆ. ಮೊದಲ ಭೇಟಿಯಲ್ಲೇ ಅವನು ಹುಡುಗಿಗೆ ಹೇಳಲಿ, ಅವಳು ಯೋಚಿಸಲಿ. ಶಾಸ್ತ್ರದ ಮದುವೆ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯ ಇದೆ. ಅವರ ಮಗ ತೇಜಸ್ವಿಯವರ ಮದುವೆ ಹಾಗೆಯೇ ಆಯಿತು. ಅದರ ಚಿಂತೆ ಇವತ್ತು ಬೇಡ.

ಇನ್ನೊಂದನ್ನು ಗಮನಿಸು. ಅಪ್ಪ ಹೋಗಿ ಹೆಚ್ಚು ಕಾಲವಾಗಿಲ್ಲ. ಓದಿ, ಯೋಚಿಸಿ ನಂಬಿಕೆ ಬಿಟ್ಟನೋ, ಆಸ್ಪತ್ರೆಯ ಹೊರಗೆ ಕೂತು ಬೇಡಿಕೊಂಡದ್ದು ಈಡೇರದೆ ಮನಸ್ಸು ಒಡೆದುಹೋಯಿತೋ, ನಮಗೆ ತಿಳಿಯದು. ನಿದ್ದೆ ಮಾಡುತ್ತಾನಾ, ಊಟ ಸೇರುತ್ತಾ, ಸ್ನೇಹಿತರ ಜೊತೆ ಓಡಾಡುತ್ತಾನಾ, ನೋಡು. ಇದ್ಯಾವುದೂ ಸರಿಯಿಲ್ಲದಿದ್ದರೆ ಅವನಿಗೆ ಆಸರೆ ಬೇಕಾಗಿರುವುದು ದುಃಖಕ್ಕೆ, ಬೇಕಾದರೆ ಡಾಕ್ಟರ ಹತ್ತಿರ ಜೊತೆಗೆ ಹೋಗು. ದೇವರಿಗೆ ಅಪ್ಪ ಬೇಕಾಗಿದ್ದರು, ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂಬಂಥ ಸಮಾಧಾನ ಮಾತ್ರ ಹೇಳಬೇಡ. ಅಂಥ ಮಾತು ಕೇಳಿಯೇ ದೇವಸ್ಥಾನದ ಮೆಟ್ಟಿಲು ಇಳಿದುಹೋದವರನ್ನು ನಾನು ಬಲ್ಲೆ. ಎಲ್ಲ ಸರಿಯಿದ್ದರೆ, ನಂಬಿಕೆ ಬಿಟ್ಟದ್ದನ್ನೇ ಒಂದು ಕಾಯಿಲೆ ಎಂದುಕೊಳ್ಳುವುದೂ ಬೇಡ.

ಕೊನೆಗೆ ಅಮ್ಮನ ಒಂದು ಪ್ರಶ್ನೆ. ಅದನ್ನು ಅವಳು ನಿನ್ನ ಹತ್ತಿರ ಕೇಳಿಲ್ಲ, ರಾತ್ರಿ ಫೋನು ಮಾಡಿ ನನ್ನ ಹತ್ತಿರ ಕೇಳಿದಳು: ನಾನು ಸತ್ತರೆ ನನಗೆ ಯಾರು ಮಾಡುತ್ತಾರೆ ಅಕ್ಕಾ? ಅವಳ ಸಿಟ್ಟೆಲ್ಲ ಈ ಹೆದರಿಕೆಯಿಂದ ಎದ್ದದ್ದು. ಇದಕ್ಕೆ ನಾನಾಗಲಿ ನೀನಾಗಲಿ ಉತ್ತರ ಹೇಳಲು ಬರುವುದಿಲ್ಲ. ಅವಳು ಅವನನ್ನೇ ಕೇಳಬೇಕು. ತನಗೆ ಏನೇನು ಆಗಬೇಕೆಂದು ಬಿಡಿಸಿ ಹೇಳಬೇಕು: ಬೆಂಕಿ ಯಾರು ಇಡಬೇಕು, ಬೂದಿ ಎಲ್ಲಿ ಬಿಡಬೇಕು, ವರ್ಷಕ್ಕೊಮ್ಮೆ ಯಾರು ನೆನೆಯಬೇಕು. ಅವನು ತನ್ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಹೇಳಲಿ. ಉಳಿದದ್ದನ್ನು ಮಾಡಲು ನೀನಿದ್ದೀಯ. ಈಗ ಹೆಣ್ಣುಮಕ್ಕಳೂ ಮುಂದೆ ನಿಂತು ಮಾಡುತ್ತಾರೆ, ನಿನಗೆ ಇಷ್ಟವಿದ್ದರೆ ಅದನ್ನೂ ಅಲ್ಲೇ ಹೇಳು. ಸಾವಿನ ಮಾತು ಅಶುಭ ಎಂದು ಯಾರಾದರೂ ತಡೆದರೆ ಕೇಳಬೇಡ. ಆ ಮಾತು ನಡೆಯುವಾಗ ನೀನು ಅಲ್ಲೇ ಇರು. ಆದರೆ ಅಮ್ಮನ ಪರವಾಗಿ ಮಾತಾಡಬೇಡ, ತಮ್ಮನ ಪರವಾಗಿಯೂ ಬೇಡ. ಇಬ್ಬರಿಗೂ ಬಾಯಿದೆ, ಒಬ್ಬರಿಗೊಬ್ಬರು ಹೇಳಿಕೊಳ್ಳಲಿ.

ನಿನ್ನ,
ದೊಡ್ಡಮ್ಮ